ಬಟ್ಯನ ಎಲುಬು, ಪಂಕಜಾಕ್ಷಿಯ ಕಾಲು

ನಮ್ಮ ಸೀಮೆಯಲ್ಲಿ ಎಲುಬು ಮುರಿದರೆ ಬಿದಿರಿನ ಪಟ್ಟಿ, ಕೊಳೆತರೆ ಗರಗಸ ಎಂಬ ಎರಡೇ ದಾರಿಗಳಿದ್ದ ಕಾಲದಲ್ಲಿ, ಹೋದ ಎಲುಬಿನ ಜಾಗದಲ್ಲಿ ಮತ್ತೆ ಎಲುಬನ್ನು ಬೆಳೆಸಬಹುದೆಂದು ತೋರಿಸಿಕೊಟ್ಟವರು ಡಾಕ್ಟರ್ ಹರಿನಾರಾಯಣರು. ಮದರಾಸಿನಲ್ಲಿ ಕಲಿತು, ೧೯೩೪ರಲ್ಲಿ ಕುಂಬಳೆಯ ನಮ್ಮ ಚಿಕ್ಕ ಆಸ್ಪತ್ರೆಗೆ ಬಂದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಬಿ.ಎ. ಮುಗಿಸಿ ಅಲ್ಲಿ ಗುಮಾಸ್ತನಾಗಿ ಸೇರಿದ ನಾನು ಅವರ ಪಕ್ಕದ ಕೋಣೆಯಲ್ಲಿ ಕುಳಿತು, ಅವರ ಮಾತಿಗಿಂತ ಹೆಚ್ಚಾಗಿ ಅವರ ಮೌನವನ್ನು ಕೇಳಿದವನು.

ಮೊದಲ ವರ್ಷಗಳಲ್ಲಿ ಅವರು ಎಲುಬಿನ ಪೊಳ್ಳುಗಳಿಗೆ ಪ್ಲಾಸ್ಟರ್ ಕಲಸಿ ತುಂಬಿದರು. ಎತ್ತಿನ ಎಲುಬನ್ನು ಕುದಿಸಿ, ಕೆತ್ತಿ, ಒಪ್ಪಿದವರಿಗೆ ಇಟ್ಟು ನೋಡಿದರು. ಪ್ಲಾಸ್ಟರ್ ಬೇಗನೆ ಕರಗಿತು. ಪ್ರಾಣಿಯ ಎಲುಬನ್ನು ದೇಹ ಹೊರಗೆ ದೂಡಿತು. ರೋಗಿಯ ಸ್ವಂತ ಎಲುಬೇ ಮೇಲು, ಅದು ಆಗದಿದ್ದರೆ ಇನ್ನೊಬ್ಬ ಮನುಷ್ಯನದು ಎಂಬ ತೀರ್ಮಾನಕ್ಕೆ ಅವರು ಬಂದರು. ಯಾವುದನ್ನು ಇಡುವುದಿದ್ದರೂ ರೋಗಿಯ ಮಂಚದ ಅಂಚಿನಲ್ಲಿ ಕುಳಿತು, ಅದು ಎಲ್ಲಿಯದು, ಯಾರದು ಎಂದು ತಿಳಿಸದೆ ಅವರು ಕತ್ತಿ ಹಿಡಿದವರಲ್ಲ.

೧೯೫೦ರಲ್ಲಿ ಕುಂಬಳೆಯ ಸಮೀಪದ ದೊಡ್ಡ ಮನೆಯ ಪುರಂದರರು ಮಗಳು ಪಂಕಜಾಕ್ಷಿಯನ್ನು ಕರೆತಂದರು. ಮೊಣಕಾಲಿನ ಕೆಳಗಿನ ಎಲುಬು ಕೀವಾಗಿ ಹೋಗಿ, ನಡುವೆ ಖಾಲಿ ಉಳಿದಿತ್ತು. ಇನ್ನೊಂದು ಕಾಲಿನಿಂದ ತೆಗೆದು ಇಟ್ಟ ತುಂಡು ನಿಲ್ಲಲಿಲ್ಲ. ಇನ್ನು ಕಾಲನ್ನೇ ಕತ್ತರಿಸಬೇಕೆಂದು ಆಗಿದ್ದಾಗ, ಹತ್ತಿರದ ಶಿರಿಯ ಊರಿನ ಬಟ್ಯನನ್ನು ಹೊತ್ತು ತಂದರು. ಮರದ ದಿಮ್ಮಿ ಬಿದ್ದು ಅವನ ಪಾದ ನಜ್ಜುಗುಜ್ಜಾಗಿತ್ತು. ಅದರ ಮೇಲಿನ ಎಲುಬು ಚೆನ್ನಾಗಿತ್ತು. ಹೇಗೂ ಕತ್ತರಿಸಲೇಬೇಕಾದ ಕಾಲಿನಿಂದ ಒಂದು ತುಂಡನ್ನು ಆ ಹುಡುಗಿಗೆ ಕೊಡುವೆಯಾ ಎಂದು ಡಾಕ್ಟರರು ಕೇಳಿದರು.

ಪುರಂದರರ ಮನೆಗೆ ಹೊರೆ ಹೊತ್ತು, ಅಂಗಳದಿಂದಲೇ ಹಿಂದಿರುಗುತ್ತಿದ್ದ ಬಟ್ಯ ಆ ನೋವಿನಲ್ಲೂ ನಕ್ಕ. “ನಾನು ಧನಿಗಳ ಜಗಲಿ ಹತ್ತಿದವನಲ್ಲ. ನನ್ನ ಎಲುಬು ಸೀದಾ ಮನೆಯೊಳಗಿನ ಚಾವಡಿಗೇ ಹೋಗ್ತದಾ ಡಾಕ್ಟ್ರೇ? ತೆಗೀರಿ, ಅದಾದ್ರೂ ಹೋಗಿ ನೋಡಲಿ.”

ಪುರಂದರರಿಗೆ ತಿಳಿಸಿದಾಗ ಅವರು, “ಹೇಳದೆ ಇಟ್ಟುಬಿಡಬಹುದಿತ್ತಲ್ಲ. ಈಗ ನಮಗೆ ಗೊತ್ತಾಯ್ತಲ್ಲ” ಎಂದರು.

“ಕಾಲು ನನ್ನದಲ್ವಾ ಅಪ್ಪ? ಇಡಿ ಡಾಕ್ಟ್ರೇ” ಎಂದಳು ಪಂಕಜಾಕ್ಷಿ.

ಇಟ್ಟ ಎಲುಬು ಹಾಗೆಯೇ ಉಳಿಯುವುದಿಲ್ಲ, ಬಳ್ಳಿಗೆ ಕೊಟ್ಟ ಕೋಲಿನಂತೆ ಆಸರೆಯಾಗಿ, ಸ್ವಂತ ಎಲುಬು ಹಬ್ಬಿದಂತೆ ತಾನು ಕರಗುತ್ತದೆ ಎಂದು ಡಾಕ್ಟರರು ವಿವರಿಸಿದರು. ಎಷ್ಟು ಕಾಲ ಬೇಕು ಎಂದು ಪುರಂದರರು ಕೇಳಿದರು. ಮೂರು ವರ್ಷವಾದರೂ ಬೇಕು ಎಂದರು ಡಾಕ್ಟರರು. ಆ ಪ್ರಶ್ನೆ ಒಬ್ಬ ತಂದೆಯ ಕಾಳಜಿಯೆಂದೇ ನಾವೆಲ್ಲ ತಿಳಿದೆವು.

ಕಾಲು ನಿಂತಿತು. ಬಟ್ಯನಿಗೆ ಮರದ ಕಾಲು ಮಾಡಿಸಿ, ಆಸ್ಪತ್ರೆಯ ಬಾಗಿಲಿನ ಕೆಲಸ ಕೊಡಿಸಿದವರೂ ಡಾಕ್ಟರರೇ. ಮೂರು ವರ್ಷದ ಬಳಿಕ, ಮಂಗಳೂರಿನಲ್ಲಿ ತೆಗೆಸಿದ ಎಕ್ಸ್‌ರೇ ಹಿಡಿದು ತಂದೆ ಮಗಳು ಬಂದರು. ಡಾಕ್ಟರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಅವನದು ಪೂರ್ತಿ ಹೋಯ್ತಾ?” ಎಂದರು ಪುರಂದರರು. “ಹೋಗಿದ್ರೆ ಇವತ್ತೇ ಇವಳನ್ನು ಒಳಗೆ ಕರಕೊಳ್ತೇವೆ. ಅಂಗಳದಾಚೆಯ ಕೋಣೆಯಲ್ಲಿ ಇನ್ನೆಷ್ಟು ದಿವಸ ಇರುವುದು?”

ಹವಾಮಾನದ ಮಾತಾಡುವಂತೆ ಅವರು ಅದನ್ನು ಹೇಳಿದರು. ಆ ಹುಡುಗಿ ಮೂರು ವರ್ಷ ತನ್ನ ಮನೆಯ ಚಾವಡಿ ತುಳಿದಿರಲಿಲ್ಲ. ಅವಳ ಬಟ್ಟಲೂ ಬೇರೆಯಾಗಿತ್ತು. ಡಾಕ್ಟರರು ಎಕ್ಸ್‌ರೇಯನ್ನು ಮೇಜಿನ ಮೇಲೆ ಇಟ್ಟರು. ಮೂರು ವರ್ಷವೆಂಬ ಆ ಅವಧಿಯನ್ನು ನುಡಿದ ಬಾಯಿ ತಮ್ಮದೇ ಎಂಬುದು ಅವರ ಮುಖದಲ್ಲಿ ಕಂಡಿತು. ಅಂಥ ಮುಖವನ್ನು ನಾನು ಹೆಣಗಳ ಮುಂದೆಯೂ ಕಂಡಿರಲಿಲ್ಲ.

ಅವರು ಪುರಂದರರನ್ನು ಹೊರಗೆ ಕುಳ್ಳಿರಿಸಿ ಬಂದು ಪಂಕಜಾಕ್ಷಿಗೆ ಹೇಳಿದರು: “ಒಂದು ಚೂರೂ ಉಳಿದಿಲ್ಲ. ಎಲ್ಲ ನಿನ್ನದೇ. ಅಪ್ಪನಿಗೆ ಎಂತ ಹೇಳುವುದು ಅಂತ ನೀನೇ ನೋಡು.”

ಅವಳು ಹೊರಗೆ ಹೋಗಿ ತಂದೆಯ ಮುಂದೆ ನಿಂತಳು. “ಇನ್ನೂ ಉಂಟಂತೆ ಅಪ್ಪ. ಹೋಗುವ ಹಾಗೆ ಕಾಣುವುದಿಲ್ಲ.”

ಪುರಂದರರು ಡಾಕ್ಟರರ ಕಡೆ ನೋಡಿದರು. ಯಾವ ರೋಗಿಯ ಮುಂದೆಯೂ ಸುಳ್ಳನ್ನು ನಿಲ್ಲಗೊಡದ ಅವರು ಬಾಗಿಲಿಗೆ ಒರಗಿ ನಿಂತರು; ಅವಳ ಮಾತನ್ನು ತಿದ್ದಲಿಲ್ಲ. ತಂದೆ ಒಬ್ಬರೇ ಹಿಂದಿರುಗಿದರು.

“ನಮ್ಮ ಕಾಲು ಹೇಗುಂಟು?” ಎಂದು ಬಾಗಿಲಲ್ಲಿ ಬಟ್ಯ ಎಂದಿನಂತೆ ಕೇಳಿದ.

“ಗಟ್ಟಿ ಉಂಟು ಬಟ್ಯಣ್ಣ” ಎಂದಳು ಅವಳು.

ಪಂಕಜಾಕ್ಷಿಯವರು ಈಗ ನಮ್ಮ ಆಸ್ಪತ್ರೆಯ ದಾದಿ. ಇದನ್ನು ಬರೆಯಲು ನಾನು ಒಪ್ಪಿಗೆ ಕೇಳಿದಾಗ, “ಬರೆಯಿರಿ, ಅಪ್ಪನೂ ಓದಲಿ” ಎಂದರು. ಅವನ ಎಲುಬು ಕರಗಿಹೋಗಿದೆಯೆಂದು ಬಟ್ಯನಿಗೆ ಅವರೇ ಎಂದೋ ಹೇಳಿಯಾಗಿದೆ. ನಮ್ಮ ಕಾಲು ಹೇಗುಂಟೆಂದು ಅವನು ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ನಿವೃತ್ತಿಯ ಬಳಿಕ ರೋಗಿಗಳನ್ನು ನೋಡಲು ಡಾಕ್ಟರರು ಶಿರಿಯದಲ್ಲಿ ಒಂದು ಕೋಣೆ ಕಟ್ಟಿಸುತ್ತಿದ್ದಾರೆ. ಜಗಲಿ ಎಲ್ಲಿ ಎಂದು ಮೇಸ್ತ್ರಿ ಕೇಳಿದರೆ, ಬೇಡ ಎಂದರಂತೆ. ಅಂಗಳದಿಂದ ನೇರವಾಗಿ ಒಳಗೇ ಬಾಗಿಲು. ಆ ಕೋಣೆಯ ಮಂಚದ ಅಂಚಿನಲ್ಲಿ ಅವರು ಇನ್ನೂ ಬಹುಕಾಲ ಆರೋಗ್ಯದಿಂದ ಕುಳಿತಿರಲಿ.