ಹನುಮಕ್ಕ ಕಟ್ಟದ ಕಟ್ಟು

ಎಲುಬಿನ ವಿಷಯದಲ್ಲಿ ಹಿರಿಯರ ಮಾತೇ ಅಂತಿಮ. ಹೀಗೆಂದು ಮನೆಯಲ್ಲಿ ಸಾರಿದ ಹಿರಿಯನಾದ ನಾನು, ಜಗಲಿಯಿಂದ ಬಿದ್ದು ಮೊಣಕೈ ಬಳಿ ಎಲುಬು ಮುರಿದುಕೊಂಡ ಏಳು ವರ್ಷದ ಮೊಮ್ಮಗಳೊಂದಿಗೆ ಹೊಸಹಳ್ಳಿ ಕಡೆಯ ಹನುಮಕ್ಕನ ಮುಂದೆ ಕುಳಿತಿದ್ದೆ. ಕುರಿಯ ಕಾಲಿನಿಂದ ಮನುಷ್ಯರ ಕೈಯವರೆಗೆ ಎಲ್ಲಕ್ಕೂ ಬಿದಿರು ದಬ್ಬೆ ಕಟ್ಟುವ ಮುದುಕಿ ಆಕೆ. ಕಟ್ಟಿನ ಲೇಪಕ್ಕೆ ಬೇಕೆಂದು, ನಮ್ಮ ಹೊಸಿಲನ್ನು ಎಂದೂ ದಾಟದ ಮೊಟ್ಟೆಗಳನ್ನು ನಾಲ್ಕು ಕೊಂಡು, ವಸ್ತ್ರದಲ್ಲಿ ಸುತ್ತಿ ಭಕ್ತಿಯಿಂದ ಒಯ್ದಿದ್ದೆ.

ಹನುಮಕ್ಕ ಊದಿದ ಮೊಣಕೈಯನ್ನು ಮುಟ್ಟಲೇ ಇಲ್ಲ. ಬೆರಳುಗಳನ್ನಷ್ಟೇ ಹಿಡಿದು ನೋಡಿದಳು.

“ಬೆರಳು ತಣ್ಣಗಾಗ್ಯಾವ ಯಜಮಾನ್ರ. ಕೀಲಿನ ಹತ್ರ ಮುರದೈತಿ. ನಾ ಬಿಗದು ಕಟ್ಟಿದ್ರ ಕೂಸಿನ ಕೈ ಸತ್ತು ಹೊಕ್ಕೈತಿ. ದೊಡ್ಡ ದವಾಖಾನಿಗೆ ಓಡ್ರಿ.”

“ಮೊಟ್ಟಿ ಬ್ಯಾರೆ ತಂದೀನಲ್ಲ ಹನುಮಕ್ಕ!”

“ಮೊಟ್ಟಿ ಇಲ್ಲೇ ಇಟ್ಟು ಹೋಗ್ರಿ. ಕೂಸಿನ್ನ ಕರಕೊಂಡು ಹೋಗ್ರಿ.”

ಅಂದೇ ಡಾಕ್ಟರು ಎಲುಬು ಕೂಡಿಸಿ, ಸಣ್ಣ ತಂತಿ ಹಾಕಿ ನಿಲ್ಲಿಸಿದರು. ಬಿಗಿಯಾಗಿ ಕಟ್ಟಿಸದೆ ಕರೆತಂದ ನನ್ನ ತಿಳಿವಳಿಕೆಯನ್ನು ಬಹಳ ಹೊಗಳಿದರು. ಆ ಹೊಗಳಿಕೆಯನ್ನು ಮರುವಾರ ಹನುಮಕ್ಕನಿಗೆ ಒಪ್ಪಿಸಿ, ಕೈಮುಗಿದು ಬಂದೆ. ಮೊಮ್ಮಗಳ ಮೊಣಕೈ ಈಗ ಪೂರ್ತಿ ಮಡಚುತ್ತದೆ.