ಮುರಿದದ್ದು ಮನೆಗೆ

ನಮ್ಮ ಮನೆಯಲ್ಲಿ ಒಂದು ಕಾನೂನು ಇದೆ. ಇಡೀ ಬಿಸ್ಕತ್ತು ಗಿರಾಕಿಗೆ, ಮುರಿದದ್ದು ಮನೆಗೆ. ಈ ಕಾನೂನು ಮಾಡಿದವಳು ನನ್ನ ಹೆಂಡತಿ. ಮಾಡುವಾಗ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಒಂದು ಸಂಜೆ ಕಾಫಿಯ ಜೊತೆ ತಟ್ಟೆಯಲ್ಲಿ ನಾಲ್ಕು ಚೂರು ಇಟ್ಟಳು. ಇದೇನು ಕೋಳಿಗೆ ಹಾಕುವ ನುಚ್ಚೇ ಎಂದು ಕೇಳಿದೆ. ಅವಳು ತಲೆ ಎತ್ತದೆ ಬಿಸ್ಕತ್ತು ಎಣಿಸಿ ಪೊಟ್ಟಣಕ್ಕೆ ಹಾಕುತ್ತಲೇ ಹೇಳಿದಳು, "ಅದೇ ಹಿಟ್ಟು, ಅದೇ ಬೆಣ್ಣೆ. ಮುರಿದ್ರೆ ರುಚಿ ಎಲ್ಲಿಗೆ ಹೋಗ್ತೈತ್ರಿ? ತಿನ್ರಿ ಸುಮ್ನೆ."

ರುಚಿ ಎಲ್ಲಿಗೂ ಹೋಗಿರಲಿಲ್ಲ, ಅದು ನಿಜ. ರಾಗಿಹಿಟ್ಟು, ಬೆಲ್ಲ, ಮನೆಯಲ್ಲೇ ಕಡೆದ ಬೆಣ್ಣೆ, ಒಂಚೂರು ಏಲಕ್ಕಿ. ಬಾಯಿಗಿಟ್ಟರೆ ಕರಗುತ್ತದೆ. ಆದರೂ ಆ ಚೂರುಗಳನ್ನು ನೋಡಿದಾಗ ನನಗೆ ಮೈಯೆಲ್ಲ ಉರಿಯಿತು. ಅಂಚಿಗೆ ಫೋರ್ಕಿನಿಂದ ಗೆರೆ ಎಳೆದು, ನಡುವೆ ಒಂದು ಬಾದಾಮಿ ಒತ್ತಿ, ದುಂಡಗೆ ಬೆಂದ ಚೆಂದದ ಬಿಸ್ಕತ್ತುಗಳೆಲ್ಲ ಹೊಳಲ್ಕೆರೆಯ ಯಾರದೋ ಮನೆಗೆ, ಹೊಸದುರ್ಗದ ಯಾರದೋ ಮನೆಗೆ. ಕಟ್ಟಿಕೊಂಡ ಗಂಡನಿಗೆ ಚೂರು.

ನಾನು ಮಾರಿಕಣಿವೆಯ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಹಿರಿಯೂರಿನಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ. ಇನ್ನು ಕೆಲವೇ ವರ್ಷಗಳ ನೌಕರಿ. ಈ ಬಿಸ್ಕತ್ತಿನ ವ್ಯವಹಾರ ಶುರುವಾದದ್ದು ಚಿತ್ರದುರ್ಗದಲ್ಲಿ ನರ್ಸ್ ಆಗಿರುವ ಮಗಳಿಂದ. ಅಮ್ಮನಿಗೆ ಬೇಜಾರಾಗದಿರಲಿ ಎಂದು ಒಂದು ದೀಪಾವಳಿಗೆ ಓವನ್ ತಂದುಕೊಟ್ಟಳು. ಮೊದಲ ತಿಂಗಳು ಸ್ವರ್ಗ. ನನ್ನ ಹೆಂಡತಿ ಒಂದೊಂದು ದಿನ ಒಂದೊಂದು ಮಾಡುತ್ತಿದ್ದಳು, ತಿನ್ನುವವನು ನಾನೊಬ್ಬನೇ. ಬಾಳೆಹಣ್ಣಿನ ಕೇಕು ಒಂದು ಪಕ್ಕ ಸೀದಿತ್ತು, ಖಾರದ ಬಿಸ್ಕತ್ತಿಗೆ ಹಸಿಮೆಣಸಿನಕಾಯಿ ಜಾಸ್ತಿಯಾಗಿತ್ತು. ಎಲ್ಲಕ್ಕೂ ಹೆಸರಿಟ್ಟುಕೊಂಡೇ ಎಲ್ಲವನ್ನೂ ಮುಗಿಸಿದೆ. ಆಮೇಲೆ ಪಕ್ಕದ ಮನೆಯವರು ಒಂದು ತಟ್ಟೆ ರುಚಿ ನೋಡಿದರು. ಅವರ ತಂಗಿ ಬಿ.ದುರ್ಗದಲ್ಲಿ, ಆ ತಂಗಿಯ ಮಗುವಿನ ನಾಮಕರಣಕ್ಕೆ ಐದು ಕಿಲೋ ಬೇಕೆಂದು ಫೋನು ಬಂತು. ಅಲ್ಲಿಗೆ ನನ್ನ ಸ್ವರ್ಗಕ್ಕೆ ಬೀಗ ಬಿತ್ತು.

ಬಿಸ್ಕತ್ತು ಹೊರಗೆ ಹೋದ ಹಾಗೆ ಬೇರೆ ಹೆಂಗಸರು ಮಾಡಿದ ಸಾಮಾನು ಒಳಗೆ ಬರತೊಡಗಿತು. ಮನೆಯಲ್ಲೇ ಕೂತು ಏನೇನೋ ಮಾಡಿ ಮಾರುವ ಹೆಂಗಸರದ್ದೇ ಒಂದು ಬಳಗ, ಎಲ್ಲ ಮಾತುಕತೆಯೂ ಫೋನಿನಲ್ಲಿ. ಹೊಳಲ್ಕೆರೆಯವಳೊಬ್ಬಳು ಹಳೇ ಸೀರೆಯಲ್ಲಿ ಕೌದಿ ಹೊಲಿಯುತ್ತಾಳೆ. ಚಿತ್ರದುರ್ಗದವಳು ಕಡಲೆಹಿಟ್ಟು, ಬೇವು ಹಾಕಿ ಸೋಪು ಮಾಡುತ್ತಾಳೆ. ಹೊಸದುರ್ಗದವಳು ಬಾಳೆನಾರಿನ ಬುಟ್ಟಿ ಹೆಣೆಯುತ್ತಾಳೆ. ಇವರೆಲ್ಲರ ಸಾಮಾನೂ ನಮ್ಮ ಮನೆ ಸೇರಿತು. ಕಾಲೊರೆಸುವ ಚಾಪೆಯ ಹಿಂದೆ ಒಬ್ಬಳು, ಫ್ರಿಜ್ಜಿನ ಮೇಲಿನ ಕಸೂತಿ ಬಟ್ಟೆಯ ಹಿಂದೆ ಇನ್ನೊಬ್ಬಳು. ಇಷ್ಟು ವರ್ಷ ಈ ಮನೆಗೆ ಸಾಮಾನು ತಂದವನು ನಾನು, ಸಂತೆಪೇಟೆಯಲ್ಲಿ ಚೌಕಾಸಿ ಮಾಡಿ, ಬೈಕಿನ ಹಿಂದೆ ಕಟ್ಟಿಕೊಂಡು. ಈಗ ನನಗೆ ಮುಖ ತೊಳೆಯಲು ಸೋಪು ಕೊಡುವವಳು ಯಾರೋ ನಾನು ಕಾಣದ ಹೆಂಗಸು. ಕೌದಿಯನ್ನು ನೋಡಿ ಮೂಗು ಮುರಿದೆ. ಆದರೆ ಅದನ್ನು ಹೊದ್ದು ಮಲಗಿದರೆ ಬೆಳಿಗ್ಗೆ ಏಳಲು ಮನಸ್ಸೇ ಬರುವುದಿಲ್ಲ, ಅದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಕಚೇರಿಯಲ್ಲೂ ನೆಮ್ಮದಿ ಇಲ್ಲವಾಯಿತು. ಒಂದು ದಿನ ಹೊಸ ಇಂಜಿನಿಯರು ಕರೆದರು. ಮೂರು ವಾರ ಕೂತು ನಾಲೆ ರಿಪೇರಿಯ ಫೈಲನ್ನು ಸರಿಮಾಡಿ ಕೊಟ್ಟಿದ್ದೆ, ಅದರ ಬಗ್ಗೆ ಎರಡು ಒಳ್ಳೆಯ ಮಾತು ಹೇಳುತ್ತಾರೆಂದು ಅಂಗಿ ಸರಿಮಾಡಿಕೊಂಡು ಹೋಗಿ ನಿಂತೆ.

"ಏನ್ ಸಾರ್, ಆ ರಾಗಿ ಬಿಸ್ಕತ್ ನಿಮ್ಮ ಮನೆಯವ್ರೇ ಮಾಡೋದಂತೆ? ಏನ್ ಕೈ ರುಚಿ ಸಾರ್ ಅವ್ರದ್ದು! ನಮ್ಮತ್ತೆ ದಿನಾ ಎರಡು ತಿಂತಾರೆ. ಒಂದ್ ಕಿಲೋ ಹೇಳ್ರಿ," ಎಂದರು. ಫೈಲು ಅವರ ಮೊಣಕೈ ಕೆಳಗೇ ಇತ್ತು.

ಅವರ ಅತ್ತೆ ದಿನಾ ಎರಡು ತಿನ್ನುತ್ತಾರೆ. ಇಡೀ ಎರಡು. ಆ ದಿನ ಮಾರಿಕಣಿವೆಯಿಂದ ಹಿರಿಯೂರಿನ ತನಕ ನಾನು ಆ ಕಾಣದ ಮುದುಕಿಯನ್ನು ಬೈದುಕೊಂಡೇ ಬಂದೆ.

ಮೊದಲ ಬಿಸ್ಕತ್ತು ಮುರಿದದ್ದು ನಿಜಕ್ಕೂ ಅಕಸ್ಮಾತ್ತಾಗಿ. ನಾನು ಮನೆ ಸೇರುವ ಹೊತ್ತಿಗೆ ಅವಳು ಬೇಯಿಸುವ ಕೆಲಸ ಮುಗಿಸಿ, ಬಿಸ್ಕತ್ತನ್ನೆಲ್ಲ ಊಟದ ಮೇಜಿನ ಮೇಲೆ ಆರಲು ಹರಡಿ, ಬಸ್‌ಸ್ಟ್ಯಾಂಡಿಗೆ ಹೋಗಿರುತ್ತಾಳೆ. ಹಿಂದಿನ ದಿನದ ಪೊಟ್ಟಣಗಳನ್ನು ಹೊಸದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬರುವುದಕ್ಕೆ ಅರ್ಧ ಗಂಟೆ. ಆ ದಿನ ಬೈಕಿನ ಕೀ ಇಡಲು ಹೋದಾಗ ನನ್ನ ಕೈ ತಗುಲಿ ಒಂದು ಬಿಸ್ಕತ್ತು ಕೆಳಗೆ ಬಿತ್ತು, ಎರಡು ತುಂಡಾಯಿತು. ಕಾನೂನಿನ ಪ್ರಕಾರ ಅದು ನನ್ನದು. ನಿಂತಲ್ಲೇ ತಿಂದೆ. ಇನ್ನೂ ಬೆಚ್ಚಗಿತ್ತು. ಡಬ್ಬಿಯೊಳಗೆ ಕೂತು ಮೆತ್ತಗಾದ ಚೂರಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಮರುದಿನ ಕೈ ತಗುಲಲಿಲ್ಲ, ತಗುಲಿಸಿದೆ. ಹೆಬ್ಬೆರಳಿನಿಂದ ಅಂಚನ್ನು ಮೆಲ್ಲಗೆ ಒತ್ತಿದರೆ ಸಾಕು, ರಾಗಿಗೆ ಅಂಟು ಕಡಿಮೆ, ಟಕ್ಕನೆ ಬಿರಿಯುತ್ತದೆ. ಒಂದು ಎರಡಾಯಿತು, ಎರಡು ಐದಾಯಿತು. ಆಮೇಲೆ ತಿನ್ನುವುದಕ್ಕಾಗಿ ಮುರಿಯುವುದು ಹೋಗಿ ಮುರಿಯುವುದಕ್ಕಾಗಿಯೇ ಮುರಿಯತೊಡಗಿದೆ. ಪೊಟ್ಟಣದ ಮೇಲೆ ಅಂಟಿಸಲು ಬರೆದಿಟ್ಟ ಊರಿನ ಹೆಸರು ನೋಡುತ್ತಿದ್ದೆ. ಬಿ.ದುರ್ಗದವರೇ, ನಿಮಗೆ ಮೂರು. ಇಂಜಿನಿಯರರ ಅತ್ತೆಯವರೇ, ನಿಮಗೆ ಆರು. ಐವತ್ತೇಳು ವರ್ಷದ ಗಂಡಸು ಅಡುಗೆಮನೆಯ ದೀಪ ಕೂಡ ಹಾಕದೆ, ಗೇಟಿನ ಸದ್ದಿಗೆ ಕಿವಿಗೊಟ್ಟುಕೊಂಡು ಬಿಸ್ಕತ್ತು ಮುರಿಯುತ್ತಿದ್ದೆ. ನಾಚಿಕೆ ಆಗುತ್ತಿರಲಿಲ್ಲವೇ ಎಂದರೆ, ಆಗ ಇಲ್ಲ. ಹಾಯೆನಿಸುತ್ತಿತ್ತು.

ಅವಳಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದು ತನ್ನ ಕೈಯ ಮೇಲೆ.

"ಯಾಕೋ ಬಿಸ್ಕತ್ತು ಮುರೀದೆ ನಿಲ್ತಾನೇ ಇಲ್ರಿ ಇತ್ತೀಚೆಗೆ," ಎಂದು ಮೊದಲು ಹೇಳಿದಳು. ಬೆಣ್ಣೆ ಕಡಿಮೆ ಮಾಡಿ ನೋಡಿದಳು. ಓವನ್ನಿನ ಬಿಸಿ ಬದಲಿಸಿದಳು. ಕೊನೆಗೆ ಗಟ್ಟಿಯಾಗಲೆಂದು ಒಂದಿಷ್ಟು ಮೈದಾ ಸೇರಿಸಿದಳು. ಅದನ್ನು ಮುರಿಯಲು ನನಗೆ ಎರಡೂ ಹೆಬ್ಬೆರಳು ಬೇಕಾದವು. ಹೊಸದುರ್ಗದ ಟೀಚರೊಬ್ಬರು ಫೋನು ಮಾಡಿ, "ಏನಮ್ಮಾ, ಈ ಸಲದ್ದು ಕಲ್ಲಾಗೈತೆ. ನಮ್ಮಮ್ಮನ ಹಲ್ಲಿಗೆ ಆಗ್ಲೇ ಇಲ್ಲ," ಅಂದರು. ಅವಳು ಸಪ್ಪೆ ಮುಖದಲ್ಲೇ ಫೋನಿಟ್ಟು ಮೈದಾ ಡಬ್ಬಿಯನ್ನು ಒಳಗೆ ಎತ್ತಿಟ್ಟಳು. ನನಗೆ ಒಳಗೊಳಗೇ ಒಂದು ಖುಷಿಯಾಯಿತು. ಈ ಮಾತು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಆದದ್ದು ಅದೇ.

ರಾಗಿಹಿಟ್ಟು ತಂದುಕೊಡುತ್ತಿದ್ದವಳು ಬಬ್ಬೂರಿನ ಹೆಂಗಸು. ತನ್ನ ಹೊಲದ ರಾಗಿಯನ್ನೇ ತೊಳೆದು, ಒಣಗಿಸಿ, ಅಲ್ಲಿನ ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಬಟ್ಟೆಯ ಚೀಲದಲ್ಲಿ ತರುತ್ತಿದ್ದಳು. ಒಂದು ಭಾನುವಾರ ಅವಳು ಬಂದು ಚೀಲ ಇಳಿಸುವಷ್ಟರಲ್ಲಿ ನನ್ನ ಹೆಂಡತಿ ಹೇಳಿಬಿಟ್ಟಳು, "ಇನ್ ಮ್ಯಾಲೆ ಬೇಡ ಕಣಮ್ಮ. ಹಿಟ್ಟಿನಾಗೇ ಏನೋ ಐತೆ. ಬಿಸ್ಕತ್ತು ಒಂದೂ ನಿಲ್ತಿಲ್ಲ."

"ಅಕ್ಕಾ, ಅದೇ ಹೊಲದ್ದು ಕಣಕ್ಕ. ಅದೇ ರಾಗಿ, ಅದೇ ಗಿರಣಿ. ನಿಮಗ್ಯಾಕ್ ಮೋಸ ಮಾಡ್ಲಿ ನಾನು?"

"ಮೋಸ ಅಂತ ನಾನೆಲ್ಲಿ ಅಂದೆ? ಆದ್ರೆ ಬೇಡ."

ಆ ಹೆಂಗಸು ನನ್ನ ಕಡೆ ನೋಡಿದಳು, ಯಜಮಾನರಾದರೂ ಒಂದು ಮಾತು ಹೇಳಿಯಾರು ಎನ್ನುವ ಹಾಗೆ. ನಾನು ಪೇಪರು ಓದುತ್ತಿದ್ದೆ. ಅಂದರೆ ಪೇಪರು ಹಿಡಿದುಕೊಂಡಿದ್ದೆ. ಅವಳು ಇಳಿಸಿದ ಚೀಲವನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ಹೊರಟುಹೋದಳು.

ಅಂಗಡಿಯ ಹಿಟ್ಟು ಬಂತು. ಅದೂ ಮುರಿಯಿತು, ಯಾಕೆಂದರೆ ನನ್ನ ಹೆಬ್ಬೆರಳು ಬಿಟ್ಟಿರಲಿಲ್ಲ. ಆ ವಾರದ ಕೊನೆಗೆ ನಾನು ಕಚೇರಿಯಿಂದ ಬಂದಾಗ ಮೇಜು ಖಾಲಿ ಇತ್ತು. ಓವನ್ನಿನ ಮೇಲೆ ಫ್ರಿಜ್ಜಿನ ಕಸೂತಿ ಬಟ್ಟೆ ಮುಚ್ಚಿತ್ತು. ಅವಳು ಬಸ್‌ಸ್ಟ್ಯಾಂಡಿಗೆ ಹೋಗದೆ ಮನೆಯಲ್ಲೇ ಇದ್ದಳು. ನನ್ನ ಮುಂದೆ ತಟ್ಟೆ ಇಟ್ಟಳು. ಅದರಲ್ಲಿ ಎಂಟು ಬಿಸ್ಕತ್ತು, ಎಂಟೂ ಇಡೀ, ನಡುವೆ ಬಾದಾಮಿ.

"ತಿನ್ರಿ. ಇನ್ನು ಆರ್ಡರ್ ತಗಳಲ್ಲ. ನನ್ನ ಕೈಯೇ ಕೆಟ್ಟೈತೆ. ಮನೇಗೆ ಎಷ್ಟು ಬೇಕೋ ಅಷ್ಟು ಮಾಡ್ತೀನಿ, ಸಾಕು," ಎಂದಳು.

ನನಗೆ ಬೇಕಾಗಿದ್ದದ್ದು ಇದೇ ತಾನೆ? ಎಂಟು ಬಿಸ್ಕತ್ತು, ನನಗೊಬ್ಬನಿಗೇ, ಕೇಳದೆಯೇ ಬಂದಿದ್ದವು. ಒಂದನ್ನು ಎತ್ತಿಕೊಂಡೆ. ಅವಳು ಎದುರಿಗೆ ಕೂತು ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಹಾಗೆ. ಬಿಸ್ಕತ್ತು ಬಾಯಿಗೆ ಹೋಗಲಿಲ್ಲ.

"ನಿನ್ನ ಕೈ ಕೆಟ್ಟಿಲ್ಲ. ನಾನೇ ಮುರೀತಿದ್ದೆ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಹೇಗೆ, ಎಷ್ಟು ದಿನದಿಂದ, ಎಲ್ಲ ಹೇಳಿದೆ. ಹೆಬ್ಬೆರಳನ್ನೂ ತೋರಿಸಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು.

"ಇಪ್ಪತ್ತೊಂಬತ್ತು ವರ್ಷ ನಿಮಗೆ ಹೋಳಿಗೆ ಮಾಡಿ ಹಾಕೀನಿ. ತವದ ಮ್ಯಾಲೆ ಹರಿದಿದ್ದೆಲ್ಲ ಯಾರು ತಿಂದ್ರು ಅಂತ ಒಂದಿನ ಕೇಳೀರಾ? ನಾನು ತಿಂದೆ. ಅಳ್ತಾ ತಿನ್ಲಿಲ್ಲ, ಖುಷಿಯಾಗೇ ತಿಂದೆ. ಹಂಗಂತ ಒಂದಿನನಾದ್ರೂ ನಿಮ್ಮ ತಟ್ಟೆಯಾಗಿನ ಹೋಳಿಗೆ ಹರಿಯಾಕೆ ಬಂದಿದ್ನಾ?"

ಈ ಮನೆಯಲ್ಲಿ ಹೋಳಿಗೆ ಹರಿಯುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನ ಎಲೆಗೆ ಬಂದವೆಲ್ಲ ದುಂಡಗಿರುತ್ತಿದ್ದವು.

"ನಾಳೆ ಬೆಳಿಗ್ಗೆ ಬಬ್ಬೂರಿಗೆ ಹೋಗ್ರಿ," ಎಂದಳು. "ಆಕೆಗೆ ನೀವೇ ಹೇಳಿ, ಮತ್ತೆ ಹಿಟ್ಟು ತರಾಕೆ ಕೇಳ್ರಿ. ನಾನು ಹೇಳಲ್ಲ."

ಮರುದಿನ ರಜೆ ಹಾಕಿ ಹೋದೆ. ರಾಗಿ ಹೆಂಗಸಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಅಂಗಳದ ತುಂಬ ತೊಳೆದ ರಾಗಿ ಹರವಿತ್ತು. "ಬರ್ರಿ ಸಾರ್, ಕುಂತ್ಕಳ್ರಿ," ಎಂದು ಚಾಪೆ ಹಾಸಿದಳು. ಮಜ್ಜಿಗೆ ಕೊಟ್ಟಳು. ಕುಡಿದು ಮುಗಿಸಿ ಹೇಳೋಣ ಎಂದುಕೊಂಡೆ, ಕುಡಿದು ಮುಗಿಯಿತು. ಹೇಳಿದೆ. ದಾರಿಯುದ್ದಕ್ಕೂ ಚೆನ್ನಾಗಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಹಿಟ್ಟು ಸರಿಯಾಗೇ ಇತ್ತು, ಬಿಸ್ಕತ್ತನ್ನು ಕದ್ದು ಮುರಿದವನು ನಾನು, ನಾಳೆಯಿಂದ ಮತ್ತೆ ತರಬೇಕಂತೆ ಎಂದಷ್ಟು ಹೊರಬಂತು.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೆ ಎಂದು ನನಗೆ ಸಮಾಧಾನವಾಯಿತು. ನಗುತ್ತಿರಲಿಲ್ಲ.

"ಅಯ್ಯೋ ಸಾರ್, ನಾನು ಗಿರಣಿಯೋರ ಹತ್ರ ದೊಡ್ಡ ಜಗಳ ಮಾಡಿ ಬಂದೀನಲ್ರಿ! ಬೀಸೋ ಕಲ್ಲು ಕಾಯಿಸಿ ಹಿಟ್ಟು ಸುಟ್ಟೀಯ ಅಂತ ಜನರ ಮುಂದೆ ಬೈದೀನಿ. ವಯಸ್ಸಾದ ಮನುಷ್ಯ, ತುಟಿ ಪಿಟಕ್ ಅನ್ಲಿಲ್ಲ. ಈಗ ನಾನೇನ್ ಹೇಳ್ಲಿ ಅವ್ರಿಗೆ?" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಏಳ್ರಿ, ಹೋಗಾಣ. ನೀವೇ ಹೇಳ್ರಿ."

ಗಿರಣಿಯ ಮುಂದೆ ಏಳೆಂಟು ಜನ ಚೀಲ ಇಟ್ಟುಕೊಂಡು ಸಾಲಿನಲ್ಲಿದ್ದರು. ಒಳಗೆ ಮೈಯೆಲ್ಲ ಹಿಟ್ಟಾದ ಮುದುಕರು. ಅವಳನ್ನು ನೋಡಿ ಮುಖ ತಿರುಗಿಸಿದರು. ಅವಳು ನನ್ನನ್ನು ಮುಂದಕ್ಕೆ ತಳ್ಳಿದಳು. ಗಿರಣಿಯ ಸದ್ದಿನಲ್ಲಿ ನನ್ನ ಮಾತು ಕೇಳಿಸಲಿಲ್ಲ, ಅವರು ಸ್ವಿಚ್ಚು ಆರಿಸಿದರು. ಎಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಅಷ್ಟು ಜನರ ಮುಂದೆ, ಹೆಂಡತಿಯ ಬಿಸ್ಕತ್ತನ್ನು ಕದ್ದು ಮುರಿಯುತ್ತಿದ್ದೆ ಎಂದು ಮೂರನೆಯ ಸಲ ಹೇಳಿದೆ.

"ಯಾಕ್ ಮುರಿದ್ರಿ?" ಮುದುಕರು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು.

"ಹೊಟ್ಟೆಕಿಚ್ಚಿಗೆ."

"ಯಾರ ಮ್ಯಾಲೆ?"

ಗಿರಾಕಿಗಳ ಮೇಲೆ ಎನ್ನಲು ಬಾಯಿ ತೆರೆದೆ. ಅಷ್ಟು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದು ಅದನ್ನೇ. ಆದರೆ ಗಿರಾಕಿಗಳದ್ದೇ ಚಿಂತೆಯಾಗಿದ್ದರೆ, ನನಗೂ ಇಡೀ ಎರಡು ಎತ್ತಿಡು ಎಂದು ಅವಳನ್ನು ಕೇಳಬಹುದಿತ್ತು, ಅವಳು ಇಲ್ಲವೆನ್ನುತ್ತಿರಲಿಲ್ಲ. ಹೊಸದುರ್ಗದ ಫೋನು ಬಂದ ದಿನ ಅವಳ ಮುಖ ಸಪ್ಪಗಾದಾಗ ನನಗೆ ಆದ ಖುಷಿ ಬಿಸ್ಕತ್ತಿನದ್ದಲ್ಲ.

"ನಮ್ಮ ಮನೆಯವ್ಳ ಮ್ಯಾಲೇನೇ," ಎಂದೆ. "ಊರೆಲ್ಲ ಅವ್ಳನ್ನ ಹೊಗಳ್ತೈತೆ. ನನ್ನ ಕೆಲ್ಸ ಯಾರಿಗೂ ಕಾಣಲ್ಲ."

ಯಾರಾದರೂ ನಗುತ್ತಾರೆ ಎಂದು ಕಾದೆ. ನಕ್ಕಿದ್ದರೆ ನನಗೂ ಹಗುರಾಗುತ್ತಿತ್ತು. ಸಾಲಿನಲ್ಲಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದರು, ಗಂಡಸರು ತಮ್ಮ ತಮ್ಮ ಚೀಲಗಳನ್ನು ನೋಡುತ್ತಿದ್ದರು. ಮುದುಕರು "ಆಯ್ತು ಬಿಡ್ರಿ," ಎಂದು ಮತ್ತೆ ಸ್ವಿಚ್ಚು ಹಾಕಿದರು. ಬೀಸಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ, ಪಕ್ಕಕ್ಕೆ ಸರಿದು ಹಿಂದಿದ್ದವರಿಗೆ ಜಾಗ ಬಿಟ್ಟೆ.