ಜಜ್ಜಿದ ಬೆರಳಿಗೆ ನಿಂಬೆಹಣ್ಣು

ವಿ.ಸಿ. ಫಾರಂನ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ಸಿದ್ದರಾಮುವಿಗೆ ಏಟು ಗಾಯ ಹೊಸದಲ್ಲ. ಕಬ್ಬಿನ ಗರಿ ಕುಯ್ದಿದೆ, ಕುಡುಗೋಲು ತಾಗಿದೆ. ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದ ಆಸಾಮಿ. ಆದರೆ ಆ ಸಂಜೆ ಕಬ್ಬು ತುಂಬುವ ಟ್ರೈಲರಿನ ಹಿಂಬಾಗಿಲು ಎಡಗೈ ನಡುಬೆರಳ ಮೇಲೆ ಬಿದ್ದಾಗ ಕಣ್ಣು ಕತ್ತಲೆಗಟ್ಟಿತು. ತನ್ನೂರು ಗುತ್ತಲಿನ ಮನೆ ಸೇರುವಷ್ಟರಲ್ಲಿ ಉಗುರಿನಡಿ ರಕ್ತ ಹೆಪ್ಪುಗಟ್ಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಬೆರಳಿಗೆ ಏನೇ ಆದರೂ ನಿಂಬೆಹಣ್ಣು ತೊಡಿಸುವುದು ಅವನು ಕಂಡ ಮದ್ದು. ಹಣ್ಣಿಗೆ ತೂತು ಕೊರೆದು, ಅರಿಸಿನ ತುಂಬಿ, ಬೆರಳು ತೂರಿಸಿದ. ಜಾರದಂತೆ ದಾರ ಕಟ್ಟಬೇಕಲ್ಲ? ಒಂದೇ ಕೈಯಲ್ಲಿ ಗಂಟು ಹಾಕಲಾಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದ. ದಾರ ಬಾಯಲ್ಲೇ ಉಳಿಯಿತು.

ಕಟ್ಟಬೇಕಾದ ಹೆಂಡತಿ ಬಿಂದುಶ್ರೀ ಮಳವಳ್ಳಿಯ ತವರು ಸೇರಿ ನಾಲ್ಕು ತಿಂಗಳಾಗಿತ್ತು. ಇಲ್ಲಿದ್ದಾಗಲೇ ಮದ್ದೂರಿನ ಗಾರ್ಮೆಂಟ್ಸ್‌ಗೆ ಸೇರಿದ್ದಳು, ಮನೆಗೆ ಬರುವುದು ತಡವಾಗುತ್ತಿತ್ತು. 'ಕೆಲ್ಸ ಬುಡು, ಇಲ್ಲ ಮನೆ ಬುಡು' ಎಂದು ಇವನು ಮೀಸೆ ತಿರುವಿದ. ಅವಳು ಮನೆಯನ್ನೇ ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕರೆಯೋಣವೆಂದರೆ ಗಂಡಸಿನ ಜಂಬ ಅಡ್ಡ ಬರುತ್ತಿತ್ತು. ಆದರೂ ಮರೆತು ಎರಡು ತಟ್ಟೆ ತೆಗೆದು, ಒಂದನ್ನು ವಾಪಸು ಇಡುತ್ತಿದ್ದ. ಅವಳು ಬೇಕಾಗಿತ್ತು ಅವನಿಗೆ, ಅವಳ ಬೈಗುಳದ ಸಮೇತ.

ಈಗ ಬೆರಳಿನ ನೆಪ ಸಿಕ್ಕಿತು. ಫೋನು ಮಾಡಿ, ಏಟು ಬಿದ್ದದ್ದನ್ನೂ ನಿಂಬೆಹಣ್ಣಿನ ಪಾಡನ್ನೂ ಒಪ್ಪಿಸಿದ.

"ಅದು ಉಗುರುಸುತ್ತಿಗೆ ಕಣಯ್ಯ, ಏಟಿಗಲ್ಲ. ಕಿತ್ತು ಬಿಸಾಕು," ಎಂದಳು ಬಿಂದುಶ್ರೀ. ತಣ್ಣೀರಿನಲ್ಲಿ ಅದ್ದು, ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೋ, ಕೈ ಎದೆಗಿಂತ ಮೇಲಿರಲಿ, ಸೂಜಿ ಕಾಯಿಸಿ ಚುಚ್ಚೀಯ ಜೋಕೆ, ಬೆಳಿಗ್ಗೆ ಡಾಕ್ಟರಿಗೆ ತೋರಿಸು ಎಂದು ಒಂದೇ ಉಸಿರಿಗೆ ಹೇಳಿದಳು. ಫೋನನ್ನು ಪಕ್ಕದಲ್ಲಿಟ್ಟುಕೊಂಡು ಅವಳು ಹೇಳಿದಂತೆಯೇ ಮಾಡಿದ. ನೋವು ಒಂದಿಷ್ಟು ಇಳಿಯಿತು. ಸರಿ, ಫೋನು ಇಡಲಾ ಎಂದು ಅವಳು ಕೇಳಿದಾಗ ಸಿದ್ದರಾಮುವಿಗೆ ದಿಗಿಲಾಯಿತು.

"ಇಡಬ್ಯಾಡ. ನೀನಿಲ್ದೆ ಆಯ್ತಿಲ್ಲ ಕಣೆ. ಕೆಲ್ಸ ಬುಡಬ್ಯಾಡ, ನಾನಂದಿದ್ದೇ ತಪ್ಪು. ಮನೇಗೆ ಬಾ."

ಅತ್ತ ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು.

"ಇದ್ನ ಯೋಳಕ್ಕೆ ಬೆಳ್ಳು ಜಜ್ಕಬೇಕಾಯ್ತಾ ನಿಂಗೆ?"

ಸಿದ್ದರಾಮು ಊದಿಕೊಂಡ ಬೆರಳನ್ನು ನೋಡಿದ.

"ಊಂ ಕಣೆ," ಎಂದ.